ಬುಧವಾರ ಶನಿವಾರದ ಚಳಿ

"ಹುಚ್ಚು ಹಿಡಿದಿರೋದು ನನಗಾ, ನಮ್ಮನೆ ಫರ್ನೇಸಿಗಾ? ಅಷ್ಟು ಹೇಳು ಸಾಕು. ಬಿಲ್ ನಾನೇ ಕೊಡ್ತೀನಿ," ಎಂದರು ಇರ್ಯಾ ಕೂಸೆಲ ಫೋನಿನಲ್ಲಿ.

ಜನವರಿಯ ಮೊದಲ ಸೋಮವಾರ. ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ. ಅಂಥ ದಿನಗಳಲ್ಲಿ ಥಂಡರ್ ಬೇ ಊರಿನ ಅರ್ಧ ಜನಕ್ಕೆ ನನ್ನ ನೆನಪಾಗುತ್ತದೆ. ಎಲ್ಲರದೂ ಒಂದೇ ರಾಗ: ಮುಂದಿನ ಕೋಣೆ ಬೇಯುತ್ತಿದೆ, ಹಿಂದಿನ ಕೋಣೆ ಹೆಪ್ಪುಗಟ್ಟುತ್ತಿದೆ. ನಮ್ಮ ಮನೆಗಳಲ್ಲಿ ನೆಲಮಾಳಿಗೆಯ ಫರ್ನೇಸು ಗಾಳಿಯನ್ನು ಕಾಯಿಸುತ್ತದೆ, ಅದರ ಫ್ಯಾನು ಆ ಗಾಳಿಯನ್ನು ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೂ ನೂಕುತ್ತದೆ. ಈ ಹಂಚಿಕೆಯಲ್ಲಿ ನ್ಯಾಯ ತಪ್ಪಿದಾಗ ನನ್ನನ್ನು ಕರೆಯುತ್ತಾರೆ. ನಮ್ಮಪ್ಪನದೂ ಇದೇ ಕೆಲಸ. ನನಗೆ ಮನುಷ್ಯರಿಗಿಂತ ಗಾಳಿಯ ಜೊತೆ ಏಗುವುದು ಸುಲಭ. ಗಾಳಿ ಸುಳ್ಳು ಹೇಳುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ.

ಇರ್ಯಾ ಮಾತ್ರ ಎಲ್ಲರ ರಾಗ ಹಾಡಲಿಲ್ಲ. "ನನ್ನ ಕೋಣೆ ದಿನಾ ಚೆನ್ನಾಗೇ ಇರುತ್ತೆ ಹೆಲ್ವಿ. ಕೆಲವು ಸಂಜೆ ಮಾತ್ರ ಹದಿಮೂರಕ್ಕೆ ಇಳಿಯುತ್ತೆ. ತಮ್ಮ ಬರ್ತಾನೆ, ಥರ್ಮಾಮೀಟರ್ ನೋಡ್ತಾನೆ, ಕಿಟಕಿ ನೋಡ್ತಾನೆ. 'ತೆಗೆದು ಮುಚ್ಚಿದೀಯ, ಮರ್ತೋಗಿದೆ' ಅಂತಾನೆ. ನಾನು ತೆಗೆದಿಲ್ಲ."

"ಆಯ್ತು, ನಾಳೆ ಬರ್ತೀನಿ."

"ಬೇಗ ಬಾ. ಬರೋ ವಾರ ಗುರುವಾರ ನನ್ನನ್ನ ವೃದ್ಧಾಶ್ರಮಕ್ಕೆ ಸೇರ್ಸೋಕೆ ತಮ್ಮ, ಅವನ ಹೆಂಡ್ತಿ ಸಹಿ ಹಾಕ್ತಾರೆ. ತಲೆ ಕೆಟ್ಟಿದೆ ಅಂತ. ನನಗೆ ಹೇಳಿಲ್ಲ."

"ಹೇಳಿಲ್ಲ ಅಂದ್ಮೇಲೆ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಯ್ತು," ಎಂದು ಫೋನ್ ಇಟ್ಟುಬಿಟ್ಟರು.

ಇರ್ಯಾ ಮೂವತ್ತೊಂದು ವರ್ಷ ನಮ್ಮ ಶಾಲೆಯ ಬಸ್ಸು ಓಡಿಸಿದವರು. ನಾನೂ ಅದೇ ಬಸ್ಸಿನಲ್ಲಿ ಹೋದವಳು. ಒಂದು ನಿಮಿಷ ತಡವಾದರೆ ಮುಲಾಜಿಲ್ಲದೆ ಬಿಟ್ಟು ಹೋಗುತ್ತಿದ್ದರು. ಆದರೆ ಮುಂದಿನ ತಿರುವಿನಲ್ಲಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾವು ಹಿಮದಲ್ಲಿ ಏದುಸಿರು ಬಿಡುತ್ತ ಓಡಿ ಹತ್ತಿದಾಗ ಕನ್ನಡಿಯಲ್ಲಿ ಒಮ್ಮೆ ನೋಡುವರು, ಅಷ್ಟೇ. ಅಂಥವರಿಗೆ ಕಿಟಕಿ ತೆಗೆದದ್ದು ಮರೆತುಹೋಗುತ್ತದೆಂದರೆ ನನಗೆ ನಂಬಿಕೆ ಬರಲಿಲ್ಲ. ಹಾಗೆಂದು ಅರವತ್ತೊಂಬತ್ತು ವಯಸ್ಸು, ಅಕ್ಟೋಬರಿನಲ್ಲಿ ಹೃದಯದ ಆಪರೇಷನ್. ಏನು ಬೇಕಾದರೂ ಆಗಬಹುದು ಎಂದೂ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಹೋದೆ. ಬಾಗಿಲು ತೆಗೆದವನು ಇರ್ಯಾರ ತಮ್ಮ ತೌನೊ. ಕಾಗದದ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಂಡಿದ್ದು ಹೋದ ವರ್ಷ ನಿವೃತ್ತನಾದವನು, ನನಗಿಂತ ಆರು ವರ್ಷ ದೊಡ್ಡವನು. ಅವನ ಎಂಟನೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡಿದ್ದರು. ಆಮೇಲೆ ಅವನಿಗೆ ಉಣ್ಣಿಸಿ ತಿನ್ನಿಸಿ ಬೆಳೆಸಿದವರು ಇರ್ಯಾ. ಇದು ಊರಿಗೆಲ್ಲ ಗೊತ್ತಿರುವ ವಿಷಯ.

"ಅಕ್ಕ ಕರೆಸಿದ್ಲಾ? ಸುಮ್ನೆ ದಂಡ," ಎಂದ. "ಕಿಟಕಿ ಹೆಲ್ವಿ. ಕಿಟಕಿ ಬಿಟ್ರೆ ಇನ್ನೇನೂ ಅಲ್ಲ. ಜೀವಮಾನವೆಲ್ಲ ಕಿಟಕಿ ಸಂದು ಬಿಟ್ಟೇ ಮಲಗಿದವಳು ಅವಳು. ಮೈನಸ್ ಮೂವತ್ತಿದ್ರೂ."

ಅದು ನಿಜವೇ ಆಗಿತ್ತು. ಅವನ ಅನುಮಾನಕ್ಕೆ ಬುಡವಿರಲಿಲ್ಲ ಎನ್ನಲಾರೆ.

ಅವನ ಹೆಂಡತಿ ಕಾರೀನಾ ಕಾಫಿಗೆ ಕರೆದಳು. ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕೂತೆ. ಮೊದಲ ಸಲಕ್ಕೇ ಕೂತರೆ, ಉತ್ತರದ ಚಳಿದೇಶದಿಂದ ವಲಸೆ ಬಂದವರ ಮಕ್ಕಳಾದ ನಮ್ಮಲ್ಲಿ ಹಸಿದು ಬಂದವಳು ಎನ್ನುತ್ತಾರೆ. ಏಲಕ್ಕಿ ಹಾಕಿ ಹೆಣೆದ ಸಿಹಿ ಬ್ರೆಡ್ಡು ತಟ್ಟೆಯಲ್ಲಿತ್ತು. ಅದನ್ನು ತಿನ್ನುತ್ತಲೇ ನಾನು ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ ಕೇಳಿದೆ.

"ಫರ್ನೇಸು ಬಿಟ್ರೆ ಮನೇಲಿ ಕಾವು ಕೊಡೋದು ಬೇರೆ ಏನಾದ್ರೂ ಇದ್ಯಾ? ಸೌದೆ ಒಲೆ, ಕರೆಂಟ್ ಹೀಟರ್?"

"ಏನೂ ಇಲ್ಲ," ಎಂದ ತೌನೊ.

"ಅಡುಗೆ ಒಲೆ ಒಂದು," ಎಂದಳು ಕಾರೀನಾ.

ನಾನು ಚೀಟಿಯಲ್ಲಿ 'ಇಲ್ಲ' ಎಂದು ಬರೆದುಕೊಂಡೆ.

ಇರ್ಯಾರ ಕೋಣೆ ಮನೆಯ ಹಿಂಬದಿಗೆ ಆಮೇಲೆ ಜೋಡಿಸಿದ್ದು. ಮೂರು ಗೋಡೆ ಹೊರಗಿನ ಚಳಿಗೆ, ಕೆಳಗೂ ಬರೀ ಪೊಳ್ಳು. ಕೊಳವೆಯ ಸಾಲಿನಲ್ಲಿ ಕಟ್ಟಕಡೆಯದು. ಪ್ರತಿ ಕೋಣೆಯಲ್ಲೂ ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಗಾಳಿ ಅಳೆಯುವ ಟೋಪಿಯಂಥ ಉಪಕರಣವಿಟ್ಟು ನೋಡುತ್ತ ಹೋದೆ. ಅಡುಗೆಮನೆಗೆ ಬೇಕಾದ್ದಕ್ಕಿಂತ ಎರಡು ಪಟ್ಟು, ಇರ್ಯಾಗೆ ಬೇಕಾದ್ದರಲ್ಲಿ ಅರ್ಧ. ದೂರದ ಕೋಣೆ ಬೆಚ್ಚಗಾಗಬೇಕಾದರೆ ದೂರದ ಕೋಣೆಯಲ್ಲಿ ಮಾಡುವ ಕೆಲಸ ಏನೂ ಇರುವುದಿಲ್ಲ, ಹತ್ತಿರದ ಕೋಣೆಗಳ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ನೆಲಮಾಳಿಗೆಗೆ ಇಳಿದು ಅಡುಗೆಮನೆಯ ಕೊಳವೆಯೊಳಗಿನ ತಗಡನ್ನು ಹಿಡಿಕೆಯಿಂದ ಒಂದಿಷ್ಟು ಓರೆ ಮಾಡಿದೆ. ಮೇಲೆ ಬಂದು ಅಳೆದೆ. ಮತ್ತೆ ಇಳಿದೆ. ಒಂದು ಕೊಳವೆಯನ್ನು ಮುಟ್ಟಿದರೆ ಉಳಿದ ಏಳರ ಗಾಳಿಯೂ ಬದಲಾಗುತ್ತದೆ. ಹಾಗಾಗಿ ಹತ್ತು ಹನ್ನೆರಡು ಸಲ ಮೆಟ್ಟಿಲು ಹತ್ತಿ ಇಳಿಯದೆ ಈ ಕೆಲಸ ಮುಗಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಇರ್ಯಾರ ಕೋಣೆ ಇಪ್ಪತ್ತೊಂದಕ್ಕೆ ಬಂತು.

"ಈಗ ಹೇಗಿದೆ?" ಎಂದೆ, ಸ್ವಲ್ಪ ಜಂಬದಿಂದಲೇ.

ಇರ್ಯಾ ಕುರ್ಚಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದರು. "ಈಗ ಚೆನ್ನಾಗಿದೆ. ಮಂಗಳವಾರ ಬೆಳಿಗ್ಗೆ ಯಾವತ್ತೂ ಚೆನ್ನಾಗೇ ಇತ್ತು. ಬುಧವಾರ ಸಂಜೆ ಬಾ."

"ಬುಧವಾರ ಸಂಜೆ ನಾನು ಎಲ್ಲಿಗೂ ಹೋಗಲ್ಲ ಇರ್ಯಾ."

ಅವರು ತಲೆಯಾಡಿಸಿದರು. ಬುಧವಾರ ಸಂಜೆ ನಮ್ಮವರು ಯಾರೂ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಕಾರಣ ಕೇಳುವವರೂ ಇಲ್ಲ. ಬರುವ ಬದಲು, ಹತ್ತು ನಿಮಿಷಕ್ಕೊಮ್ಮೆ ಕೋಣೆಯ ಉಷ್ಣತೆಯನ್ನು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಪುಟ್ಟ ಡಬ್ಬಿಯೊಂದನ್ನು ಅವರ ಕಪಾಟಿನ ಮೇಲಿಟ್ಟು ಬಂದೆ.

ಒಂದು ವಾರ ಕಳೆದು ಮಂಗಳವಾರ ಹೋಗಿ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಊಟದ ಮೇಜಿನ ಮೇಲಿಟ್ಟೆ. ತೌನೊ, ಕಾರೀನಾ ಎದುರಿಗೆ ಕೂತರು. ಇರ್ಯಾ ಹೆಣಿಗೆ ಹಿಡಿದು ಬಾಗಿಲ ಬಳಿಯೇ ನಿಂತರು. ಸಹಿಗೆ ಇನ್ನು ಎರಡೇ ದಿನ ಉಳಿದಿತ್ತು. ಆ ವಿಷಯ ನನಗೂ ಗೊತ್ತು, ಇರ್ಯಾಗೂ ಗೊತ್ತು ಎನ್ನುವುದು ಮಾತ್ರ ಗಂಡಹೆಂಡಿರಿಗೆ ಗೊತ್ತಿರಲಿಲ್ಲ.

ಪರದೆಯ ಮೇಲೆ ವಾರವಿಡೀ ಗೆರೆ ಇಪ್ಪತ್ತೊಂದರ ಹತ್ತಿರ ತೆವಳಿತ್ತು. ಎರಡು ಕಡೆ ಮಾತ್ರ ಹಳ್ಳ. ಬುಧವಾರ ಸಂಜೆ ಒಂದು, ಶನಿವಾರ ಸಂಜೆ ಒಂದು. ಎರಡೂ ಹದಿಮೂರರ ತನಕ.

"ನೋಡಿದ್ಯಾ? ಕಿಟಕಿ," ಎಂದ ತೌನೊ.

"ಕಿಟಕಿ ಅಲ್ಲ."

"ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀಯ?"

"ಮೈನಸ್ ಇಪ್ಪತ್ತೆಂಟರಲ್ಲಿ ಕಿಟಕಿ ತೆಗೆದ್ರೆ ಗೆರೆ ಹತ್ತು ನಿಮಿಷದಲ್ಲಿ ದಬಕ್ ಅಂತ ಬೀಳುತ್ತೆ. ಮುಚ್ಚಿದ ತಕ್ಷಣ ಏಳೋಕೆ ಶುರು ಮಾಡುತ್ತೆ. ಇಲ್ನೋಡು, ನಾಲ್ಕೂವರೆಗೆ ಶುರುವಾಗಿ ಐದು ಗಂಟೆಗೂ ಹೆಚ್ಚು ಹೊತ್ತು ನಿಧಾನಕ್ಕೆ ಇಳಿದಿದೆ. ಮರೆತು ಬಿಟ್ಟ ಕಾಫಿ ಆರೋ ಹಾಗೆ. ಯಾರೂ ಏನೂ ತೆಗೆದಿಲ್ಲ. ಕೋಣೆಗೆ ಬರ್ತಿದ್ದ ಬಿಸಿ ನಿಂತುಹೋಗಿದೆ."

ಬಾಗಿಲ ಬಳಿ ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು.

ಇಷ್ಟು ಹೊತ್ತಿಗೆ ನನ್ನ ತಲೆಗೆ ಹುಳ ಬಿಟ್ಟ ಹಾಗಾಗಿತ್ತು. ಯಂತ್ರ ಕೆಟ್ಟರೆ ಕೆಡುತ್ತದೆ, ವಾರ ನೋಡಿಕೊಂಡು ಕೆಡುವುದಿಲ್ಲ. "ಬುಧವಾರ, ಶನಿವಾರ ಸಂಜೆ ಈ ಮನೇಲಿ ಏನು ನಡೆಯುತ್ತೆ?" ಎಂದು ಕೇಳಿದೆ.

"ಏನೂ ಇಲ್ವಲ್ಲ," ಎಂದಳು ಕಾರೀನಾ.

"ಸೌನಾ, ಅಷ್ಟೇ," ಎಂದ ತೌನೊ.

"ಸೌನಾ ಬಿಡು, ಅದು ನಮ್ಮನೇಲೂ ಇದೆ. ಅದು ಬಿಟ್ಟು?"

ಹೌದು, ಹಾಗೆಂದವಳು ನಾನೇ. ಇಪ್ಪತ್ತೇಳು ವರ್ಷ ಗಾಳಿಯ ಜೊತೆ ಕೆಲಸ ಮಾಡಿದವಳು. ಕಲ್ಲುಗಳನ್ನು ಸೌದೆಯಿಂದ ಕೆಂಪಗೆ ಕಾಯಿಸಿ, ನೀರೆರಚಿ, ಎಂಬತ್ತು ಡಿಗ್ರಿಯ ಆವಿಯಲ್ಲಿ ಬೆತ್ತಲೆ ಕೂರುವ ಕೋಣೆಯೊಂದು ನೆಲಮಾಳಿಗೆಯಲ್ಲಿದೆ ಎನ್ನುತ್ತಿದ್ದಾನೆ ಮನೆಯ ಯಜಮಾನ. ನಾನು ಅದು ಬಿಟ್ಟು ಹೇಳು ಎನ್ನುತ್ತಿದ್ದೇನೆ. ಆಮೇಲೆ ಅರ್ಧ ಗಂಟೆ ನಾವು ಮೂವರೂ ಬಟ್ಟೆ ಒಗೆಯುವ ಯಂತ್ರ, ಪಕ್ಕದ ಮನೆಯವರ ಕಾರಿನ ಹೀಟರು, ವಿದ್ಯುತ್ ಕಂಪನಿಯ ಕಳ್ಳಾಟ ಎಲ್ಲವನ್ನೂ ಗಂಭೀರವಾಗಿ ಚರ್ಚಿಸಿದೆವು.

ಕೊನೆಗೆ ಎದ್ದು ಹಜಾರದ ಥರ್ಮೋಸ್ಟಾಟಿನ ಹತ್ತಿರ ಹೋದೆ. ಮನೆಗೆಲ್ಲ ಇರುವುದು ಅದೊಂದೇ. ಹಜಾರ ತಣ್ಣಗಾದರೆ ಫರ್ನೇಸು ಉರಿಯಲಿ ಎನ್ನುತ್ತದೆ, ಬೆಚ್ಚಗಾದರೆ ಸಾಕು ಎನ್ನುತ್ತದೆ. ಅದರ ನೆನಪಿನಲ್ಲಿ ಹಿಂದಿನ ಬುಧವಾರವನ್ನು ಹುಡುಕಿದೆ. ಸಂಜೆ ನಾಲ್ಕೂವರೆಯಿಂದ ಹತ್ತರ ತನಕ ಫರ್ನೇಸು ಒಮ್ಮೆಯೂ ಹೊತ್ತಿಲ್ಲ. ಆಗ ಹಜಾರದಲ್ಲಿ ಇಪ್ಪತ್ತೈದು ಡಿಗ್ರಿ. ಫರ್ನೇಸು ಆರಿದ್ದಾಗ ಹಜಾರಕ್ಕೆ ಇಪ್ಪತ್ತೈದು ಎಲ್ಲಿಂದ ಬಂತು?

ಥರ್ಮೋಸ್ಟಾಟಿನ ಪಕ್ಕದಲ್ಲೇ ನೆಲಮಾಳಿಗೆಯ ಮೆಟ್ಟಿಲು. ಇಳಿದು ನೋಡಿದೆ. ಎದುರಿಗೆ ನೇರವಾಗಿ ಸೌನಾದ ಬಾಗಿಲು, ಹಾರು ಹೊಡೆದು ತೆರೆದಿತ್ತು. ಮುಚ್ಚಿಹೋಗದಂತೆ ಒಂದು ಬರ್ಚ್ ಮರದ ಸೌದೆಯನ್ನು ಅಡ್ಡ ಇಟ್ಟಿದ್ದರು. ನಮ್ಮವರು ಎಲ್ಲರೂ ಹಾಗೇ ಇಡುತ್ತೇವೆ. ಮಿಂದು ಬಂದ ಮೇಲೆ ಒಳಗಿನ ಹಲಗೆಗಳು ಒಣಗಬೇಕು, ಅಷ್ಟು ಕಾವು ಸುಮ್ಮನೆ ಹಾಳಾಗಬಾರದು, ಮನೆಗೆ ಬರಲಿ ಎಂದು. ಬೆಂಕಿ ಹಾಕಿದಾಗಿನಿಂದ ಒಲೆಯ ಹೊಗೆಕೊಳವೆಯ ಕಾವು, ಮಿಂದ ಮೇಲೆ ಈ ಬಾಗಿಲಿನ ಕಾವು, ಎಲ್ಲ ಮನೆಗೆ ಬರುತ್ತಿತ್ತು. ಮೆಟ್ಟಿಲು ಹತ್ತಿ, ಥರ್ಮೋಸ್ಟಾಟಿನ ಮುಖಕ್ಕೇ ಬರುತ್ತಿತ್ತು. ಅದು ತನ್ನ ಗೋಡೆ ಬೆಚ್ಚಗಿದೆ, ಇನ್ನು ಸಾಕು ಎಂದು ಫರ್ನೇಸನ್ನು ಮಲಗಿಸುತ್ತಿತ್ತು. ಫ್ಯಾನೂ ನಿಲ್ಲುತ್ತಿತ್ತು. ಮೂರು ಗೋಡೆ ಚಳಿಗೆ ಕೊಟ್ಟು ನಿಂತ ಹಿಂದಿನ ಕೋಣೆಗೆ ಒಂದು ಉಸಿರಿನಷ್ಟೂ ಬಿಸಿಗಾಳಿ ಹೋಗುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು, ನಗುವೂ ಬಂತು. ಕಾವು ಕೊಡುವುದು ಬೇರೆ ಏನಿದೆ ಎಂದು ಕೇಳಿದಾಗ ಅವರು ಸುಳ್ಳು ಹೇಳಿರಲಿಲ್ಲ. ಸೌನಾವನ್ನು ನಾವು ಒಲೆ ಹೀಟರುಗಳ ಸಾಲಿಗೆ ಸೇರಿಸುವುದಿಲ್ಲ, ಅದು ಊಟ ನಿದ್ದೆಗಳ ಸಾಲಿನದು. ಬುಧವಾರ ಸಂಜೆ ಬಂದು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಆದರೆ ಬುಧವಾರ ಸಂಜೆ ನಾನೂ ಸೌನಾದಲ್ಲಿರುತ್ತೇನೆ. ಮನೆಯ ಉಳಿದವರು ಟೊಮೇಟೊ ಹಣ್ಣಿನಂತೆ ಕೆಂಪಗಾಗಿ ಹೊರಬರುವವರು, ಅವರಿಗೆ ಆ ರಾತ್ರಿ ಹಿಮದ ಮೇಲೆ ಮಲಗಿಸಿದರೂ ಚಳಿಯಾಗದು. ಹೃದಯದ ಡಾಕ್ಟರು ವಸಂತದ ತನಕ ಸೌನಾ ಬೇಡ ಎಂದದ್ದು ಇರ್ಯಾ ಒಬ್ಬರಿಗೇ.

ಮೇಲೆ ಬಂದು ಹೇಳಿದೆ. ತೌನೊ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದ.

"ಸೌನಾದಿಂದ ಮನೆಗೆ ಚಳಿ ಆಗುತ್ತೆ ಅಂತೀಯ."

"ಹೌದು."

"ಸೌನಾ ಬಿಸಿ ಹೆಲ್ವಿ. ಬಿಸಿಯಿಂದ ಚಳಿ ಹುಟ್ಟಿದ್ದು ನಮ್ಮ ಅಪ್ಪನ ಕಾಲದಲ್ಲೂ ಕೇಳಿಲ್ಲ. ನಿನ್ನನ್ನೂ ಅಕ್ಕನ ಜೊತೆ ಡಾಕ್ಟರಿಗೆ ತೋರಿಸ್ಬೇಕು."

"ನಾಳೆ ಬುಧವಾರ," ಎಂದರು ಇರ್ಯಾ ಬಾಗಿಲಿನಿಂದ. "ಎಲ್ಲಾ ಮಾಮೂಲಿ ಥರಾನೇ ನಡೀಲಿ. ನೀನೊಬ್ಬ ಸೌನಾಕ್ಕೆ ಹೋಗ್ಬೇಡ. ನನ್ನ ಕೋಣೇಲಿ ಕೂತ್ಕೋ. ಕಿಟಕಿಗೆ ನೀನೇ ಟೇಪು ಅಂಟಿಸು."

ಕಾರೀನಾ ಗಂಡನ ಮುಖ ನೋಡಿದಳು. ಮಗಳು ಹುಟ್ಟಿದ ಬುಧವಾರವೂ ಆಸ್ಪತ್ರೆಯಿಂದ ಓಡಿ ಬಂದು ಸೌನಾ ಮುಗಿಸಿಕೊಂಡು ಮಗುವಿನ ಮುಖ ನೋಡಿದ ಗಂಡಸು ಅವನು. ಅಕ್ಕ ತಮ್ಮ ಒಬ್ಬರನ್ನೊಬ್ಬರು ದಿಟ್ಟಿಸಿದರು. "ಆಗ್ಲಿ. ಆಮೇಲೆ ಈ ಮಾತು ಮುಗೀಬೇಕು," ಎಂದ ಅವನು.

ಮಾರನೆಯ ದಿನ ನನ್ನ ಸೌನಾವನ್ನೂ ಬಿಟ್ಟು ನಾಲ್ಕು ಗಂಟೆಗೆ ಹೋದೆ. ತೌನೊ ಅಗಲದ ಬೂದು ಟೇಪನ್ನು ಕಿಟಕಿಯ ಸುತ್ತ ಅಂಟಿಸಿ, ನಾಲ್ಕೂ ಮೂಲೆಗೆ ಪೆನ್ನಿನಿಂದ ಗೀಟು ಹಾಕಿದ. ಟೇಪು ಕಿತ್ತರೆ ಗೀಟು ಹರಿಯಬೇಕು. ಆಮೇಲೆ ಅಂಗಿಯಲ್ಲೇ ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಸ್ವೆಟರ್ ಬೇಡವೆಂದ. ಇರ್ಯಾ ತಮ್ಮ ಕುರ್ಚಿಯಲ್ಲಿ ಹೆಣೆಯುತ್ತಿದ್ದರು. ನಾನು ಮಂಚದ ತುದಿಯಲ್ಲಿ ಡಬ್ಬಿ ನೋಡುತ್ತ ಕೂತೆ.

ಕೆಳಗೆ ಕಾರೀನಾ ಮೂರು ಗಂಟೆಗೇ ಸೌನಾಕ್ಕೆ ಬೆಂಕಿ ಹಾಕಿದ್ದಳು. ಎಂದಿನಂತೆ ಪಕ್ಕದ ಮನೆಯ ಸಿಲ್ವಿ, ಅವಳ ಗಂಡ ಬರುವವರಿದ್ದರು. ನಾಲ್ಕು ಮುಕ್ಕಾಲಿಗೆ ನೆಲದ ಜಾಲರಿಯಿಂದ ಬರುತ್ತಿದ್ದ ಸುಯ್ಯೆನ್ನುವ ಸದ್ದು ನಿಂತಿತು. ನಿಂತ ಮೇಲೆಯೇ ಅಲ್ಲಿಯವರೆಗೂ ಸದ್ದೊಂದು ಇತ್ತೆಂದು ಗೊತ್ತಾದದ್ದು.

"ನಿಂತಿತು," ಎಂದೆ.

"ಮತ್ತೆ ಹೊತ್ತುತ್ತೆ," ಎಂದ ತೌನೊ.

ಹೊತ್ತಲಿಲ್ಲ. ಐದೂವರೆಗೆ ಹತ್ತೊಂಬತ್ತು. ಆರಕ್ಕೆ ಹದಿನೇಳು. ಆರೂ ಇಪ್ಪತ್ತಕ್ಕೆ ತೌನೊ ಎದ್ದು, ಯಾರ ಮುಖವನ್ನೂ ನೋಡದೆ, ಹೊರಗೆ ಹೋಗಿ ಸ್ವೆಟರ್ ಹಾಕಿಕೊಂಡು ಬಂದ. ಬಂದವನು ಕಿಟಕಿಯ ಹತ್ತಿರ ಹೋಗಿ ಗೀಟುಗಳ ಮೇಲೆ ಬೆರಳಾಡಿಸಿದ. ನಾಲ್ಕೂ ಹಾಗೇ ಇದ್ದವು.

ನನಗೆ ಬೇರೆಯದೇ ಒಂದು ಕುತೂಹಲ ಕೊರೆಯುತ್ತಿತ್ತು. "ಇರ್ಯಾ, ಮೂವತ್ತೊಂದು ವರ್ಷ ಗಡಿಯಾರ ನೋಡಿ ಬಸ್ಸು ಓಡಿಸಿದವರು ನೀವು. ಬುಧವಾರ, ಶನಿವಾರ ಅಂತ ನಿಮಗೆ ಹೊಳೀಲಿಲ್ವಾ?"

"ಮೊದಲ್ನೇ ವಾರವೇ ಹೊಳೀತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ಒಂದು ಸಾಲು ಹೆಣೆದು ಮುಗಿಸಿದರು. "ಹೊಟ್ಟೆಕಿಚ್ಚು ಅಂದ್ಕೊಂಡೆ. ಹುಟ್ಟಿದಾಗಿನಿಂದ ಸೌನಾದ ಬಾಗಿಲಾಚೆ ಉಳಿದವಳಲ್ಲ ನಾನು. ಈಗ ಎಲ್ಲರೂ ಒಳಗೆ, ನಾನೊಬ್ಬಳು ಹೊರಗೆ. ಅದಕ್ಕೇ ಅವತ್ತು ಮಾತ್ರ ಮೈ ತಣ್ಣಗಾಗುತ್ತೆ ಅಂತ. ಥರ್ಮಾಮೀಟರ್ ನೋಡಿದಾಗ, ಇಲ್ಲ, ಕೋಣೇನೇ ತಣ್ಣಗಿದೆ ಅನ್ಸೋದು. ಇವನು ಬಂದು ಕಿಟಕಿ ಅಂದಾಗ, ಇದ್ರೂ ಇರಬಹುದು, ಸಿಟ್ಟಲ್ಲಿ ನಾನೇ ತೆಗೆದಿದ್ದೆನೋ ಏನೋ ಅನ್ಸೋದು. ಹುಚ್ಚು ನನಗಾ ಅಂತ ನಿನ್ನನ್ನ ಕೇಳಿದ್ದು ತಮಾಷೆಗಲ್ಲ ಹೆಲ್ವಿ."

ತೌನೊ ನೆಲ ನೋಡುತ್ತಿದ್ದ. ಬಸ್ಸಿನ ಕನ್ನಡಿಯಲ್ಲಿ ನಮ್ಮನ್ನೆಲ್ಲ ಒಂದು ನೋಟಕ್ಕೆ ತೂಗುತ್ತಿದ್ದ ಹೆಂಗಸು, ತನ್ನ ಕೈ ಏನು ಮಾಡಿತೆಂದು ತಾನೇ ನಂಬಲಾರದೆ ಮೂರು ತಿಂಗಳು ಇದೇ ಕುರ್ಚಿಯಲ್ಲಿ ಕೂತಿದ್ದರು.

ಏಳಕ್ಕೆ ಡಬ್ಬಿ ಹದಿನೈದು ತೋರಿಸಿತು. ಆಗ ಇರ್ಯಾ ಹೆಣಿಗೆ ಪಕ್ಕಕ್ಕಿಟ್ಟು, ಬೆನ್ನ ಹಿಂದಿನ ದಿಂಬು ತೆಗೆದು, ಮೆಲ್ಲಗೆ ಬಗ್ಗಿ ನೆಲದ ಜಾಲರಿಯ ಮೇಲಿಟ್ಟು ಕಾಲಿನಿಂದ ಒತ್ತಿದರು.

ತೌನೊ ಸ್ಟೂಲಿನಿಂದ ಎದ್ದ. "ಏನಿದು?"

"ಏನಿಲ್ಲ. ಸುಮ್ನೆ."

"ಗಾಳಿ ಬರೋ ಜಾಲರೀನ ಮುಚ್ತಿದೀಯ. ಹೆಲ್ವಿ, ನೋಡ್ದೆ ತಾನೇ? ಬಿಸಿಗಾಳಿ ಬರೋ ಬಾಯಿಗೆ ದಿಂಬು ತುರುಕಿ, ಕೋಣೆ ತಣ್ಣಗಿದೆ ಅಂತ ಊರಿಗೆಲ್ಲ ಹೇಳ್ತಾಳೆ. ಇದನ್ನೇ ಅಲ್ವಾ ನಾನು ಹೇಳಿದ್ದು?"

"ಈಗ ಗಾಳಿ ಬರ್ತಾನೇ ಇಲ್ಲ ತೌನೊ. ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ," ಎಂದೆ ನಾನು. ಆದರೂ ಆಕೆ ಹಾಗೆ ಮಾಡಿದ್ದು ಯಾಕೆಂದು ನನಗೂ ಅರ್ಥವಾಗಲಿಲ್ಲ.

"ಬಿಡು, ಅದು ಅಲ್ಲೇ ಇರ್ಲಿ," ಎಂದರು ಇರ್ಯಾ. ಮೊದಲ ಬಾರಿ ಅವರ ದನಿಯಲ್ಲಿ ಬೇಡಿಕೆಯಿತ್ತು.

ಅವನು ಬಿಡಲಿಲ್ಲ. ಬಗ್ಗಿ ದಿಂಬನ್ನು ಎಳೆದ.

ಜಾಲರಿಯಿಂದ ಸಿಲ್ವಿಯ ದನಿ ಬಂತು. ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. "ಇರ್ಯಾಗೆ ಹೇಳಿದ್ರಾ?"

ಫ್ಯಾನು ನಿಂತರೆ ಕೊಳವೆಯಲ್ಲಿ ಗಾಳಿ ಓಡುವುದಿಲ್ಲ, ಮಾತು ಓಡುತ್ತದೆ. ಈ ಕೋಣೆಯ ಕೊಳವೆ ಸೌನಾದ ಮುಂದಿನ ಬಟ್ಟೆ ಬಿಚ್ಚುವ ಕೋಣೆಯ ತಲೆಯ ಮೇಲೇ ಹಾದು ಬರುತ್ತಿತ್ತು. ಹೆಂಗಸರು ಮೊದಲ ಸರದಿ ಮುಗಿಸಿ ಅಲ್ಲಿ ಆರಾಮಾಗಿ ಕೂತಿದ್ದರು.

"ಇಲ್ಲ," ಎಂದಿತು ಕಾರೀನಾಳ ದನಿ. "ನಾಳೆ ಹತ್ತಕ್ಕೆ ಬರೋಕೆ ಹೇಳಿದಾರೆ. ಹಾರ್ಟ್ ಡಾಕ್ಟರ್ ಹತ್ರ ಅಂತ ಕಾರಲ್ಲಿ ಕೂರ್ಸೋಣ, ಅಲ್ಲಿಗೆ ಹೋದ್ಮೇಲೆ ಹೇಳೋಣ ಅಂತಾನೆ ತೌನೊ."

"ಅಯ್ಯೋ ಪಾಪ. ಈಗ ಮೇಲೆ ಅದೇನೋ ಪರೀಕ್ಷೆ ಮಾಡ್ತಿದಾರಲ್ಲ?"

"ಅದೇನಾದ್ರೂ ಆಗ್ಲಿ, ನಾಳೆ ಹೋಗೋದಂತೂ ಹೋಗೋದೇ ಅಂದ ಬೆಳಿಗ್ಗೆ. ಖಾಲಿಯಾದ ಅವಳ ಕೋಣೇಲಿ ಇಡೋ ಟಿವಿಗೆ ಅಳತೇನೂ ತಗೊಂಡಾಗಿದೆ. ನಂಗೆ ಧೈರ್ಯ ಸಾಲ್ದು ಸಿಲ್ವಿ. ಕಾರಲ್ಲಿ ಅವಳು ಏನಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಬಾಗಿಲು ತೆರೆದು ಮುಚ್ಚಿದ ಸದ್ದು. ಕಲ್ಲಿನ ಮೇಲೆ ನೀರು ಬಿದ್ದು ಸುರ್ರೆಂದದ್ದೂ ದೂರದಿಂದ ಕೇಳಿತು.

ತೌನೊ ಮಂಡಿಯೂರಿ ಕೂತಲ್ಲೇ ಇದ್ದ. ದಿಂಬು ಅವನ ತೊಡೆಯ ಮೇಲಿತ್ತು.

"ಎಷ್ಟು ದಿನದಿಂದ ಕೇಳಿಸ್ತಿದೆ?" ಎಂದ ಕೊನೆಗೆ.

"ಆಸ್ಪತ್ರೆಯಿಂದ ಬಂದಾಗಿನಿಂದ."

"ಎಲ್ಲಾನೂ?"

"ಟಿವಿ ಎಷ್ಟು ಇಂಚು ಅನ್ನೋದೂ."

ಅವನ ಕಿವಿಗಳು ಸೌನಾದಿಂದ ಬಂದವನ ಹಾಗೆ ಕೆಂಪಗಾದವು. ನಾನು ಅಲ್ಲಿರಬಾರದಿತ್ತು. ಆದರೆ ಅವರಿಬ್ಬರನ್ನೂ ದಾಟದೆ ಬಾಗಿಲಿಗೆ ಹೋಗುವ ದಾರಿ ಇರಲಿಲ್ಲ. ಡಬ್ಬಿಯನ್ನು ಹಿಡಿದುಕೊಂಡು ಗೋಡೆ ನೋಡಿದೆ.

ಕೆಳಗೆ ಬಾಗಿಲು ಮತ್ತೆ ತೆರೆಯಿತು, ಹೆಂಗಸರು ಮರಳಿ ಬಂದರು. ತೌನೊ ಬಗ್ಗಿ ಜಾಲರಿಯ ಹತ್ತಿರ ಬಾಯಿಟ್ಟ. ಕೂಗಲಿಲ್ಲ, ಊಟದ ಮೇಜಿನಲ್ಲಿ ಉಪ್ಪು ಕೇಳುವಷ್ಟೇ ದನಿ. "ಕಾರೀನಾ."

ಕೆಳಗೆ ಏನೋ ನೆಲಕ್ಕೆ ಬಿತ್ತು.

"ಕಿಟಕಿ ಮುಚ್ಚೇ ಇತ್ತು. ನಾಳೆ ಹೋಗೋದಿಲ್ಲ. ಫೋನ್ ಮಾಡಿ ಹೇಳ್ಬಿಡು."

ಇರ್ಯಾ ಹೆಣಿಗೆ ಕೈಗೆತ್ತಿಕೊಂಡಿದ್ದರು, ಆದರೆ ಕಡ್ಡಿಗಳು ಅಲುಗುತ್ತಿರಲಿಲ್ಲ.

"ಅದನ್ನ ಜಾಲರಿಗೆ ಯಾಕೆ ಹೇಳ್ತೀಯ?" ಎಂದರು. "ನಾನು ಇಲ್ಲೇ ಇದೀನಿ."

ಅವನು ಮಂಡಿಯ ಮೇಲೇ ತಿರುಗಿದ. ಐವತ್ತೆಂಟು ವರ್ಷದ ದಪ್ಪ ಗಂಡಸು, ಅಕ್ಕನ ಮೊಣಕಾಲಿನ ಎತ್ತರಕ್ಕೆ ಮುಖ.

"ಕಿಟಕಿ ಮುಚ್ಚೇ ಇತ್ತು ಅಕ್ಕ."

"ಹೂಂ."

"ನಾನು ನಿನ್ನ ಮಾತು ನಂಬಲಿಲ್ಲ. ಸುಳ್ಳು ಹೇಳಿ ಕರ್ಕೊಂಡು ಹೋಗ್ತಿದ್ದೆ."

"ಹೂಂ, ಕರ್ಕೊಂಡು ಹೋಗ್ತಿದ್ದೆ." ಅವರು ಅವನನ್ನು ಸಮಾಧಾನ ಮಾಡಲಿಲ್ಲ. "ನಾಳೆ ಹತ್ತಕ್ಕೆ ನಾನೂ ರೆಡಿಯಾಗಿ ಕೂತಿರ್ತಿದ್ದೆ ತೌನೊ. ಡಾಕ್ಟರ್ ಹತ್ರ ತಾನೇ ಅಂತ ಕೇಳಿ, ನೀನು ಹೂಂ ಅನ್ನೋದನ್ನ ನೋಡ್ಬೇಕು ಅಂತ. ಈಗ ಆ ದಿಂಬು ಕೊಡು, ಬೆನ್ನು ನೋಯ್ತಿದೆ."

ಅವನು ದಿಂಬನ್ನು ಕೊಡಲಿಲ್ಲ. ಎದ್ದು ತಾನೇ ಅವರ ಬೆನ್ನ ಹಿಂದೆ ಇಟ್ಟ. ಮಂಚದ ಮೇಲಿನ ಕಂಬಳಿ ಎಳೆದು ಅವರ ಕಾಲಿಗೆ ಹೊದಿಸಿದ. ಆಗ ಡಬ್ಬಿಯಲ್ಲಿ ಹದಿನಾಲ್ಕಿತ್ತು.

ಗುರುವಾರ ಹತ್ತು ಗಂಟೆಗೆ ನಾನು ಅವರ ನೆಲಮಾಳಿಗೆಯಲ್ಲಿದ್ದೆ. ಇರ್ಯಾರ ಕೋಣೆಗೆ ಅದರದೇ ಒಂದು ಥರ್ಮೋಸ್ಟಾಟು, ಅವರ ಕೊಳವೆಗೊಂದು, ಉಳಿದ ಮನೆಯ ಕೊಳವೆಗೊಂದು ಮೋಟಾರಿನಿಂದ ತಿರುಗುವ ತಗಡು ಕೂರಿಸಿದೆ. ಇನ್ನು ಹಜಾರ ಏನು ಬೇಕಾದರೂ ಅಂದುಕೊಳ್ಳಲಿ, ಹಿಂದಿನ ಕೋಣೆಗೆ ಚಳಿಯಾದರೆ ಫರ್ನೇಸು ಆ ಕೋಣೆಗಾಗಿಯೇ ಹೊತ್ತುತ್ತದೆ. ಇಡೀ ಮನೆಯ ಗಾಳಿ ಒಂದು ಸಣ್ಣ ಕೊಳವೆಗೆ ನುಗ್ಗಿದರೆ ಅದು ಶಿಳ್ಳೆ ಹೊಡೆಯುತ್ತದೆ, ಫರ್ನೇಸಿಗೂ ಉಸಿರು ಕಟ್ಟುತ್ತದೆ. ಅದಕ್ಕೆಂದು ಉಳಿದ ಮನೆಯ ತಗಡನ್ನು ಪೂರ್ತಿ ಮುಚ್ಚದ ಹಾಗೆ ಎರಡು ಬೆರಳು ಸಂದು ಬಿಟ್ಟೆ. ತೌನೊ ಏಣಿ ಹಿಡಿದುಕೊಂಡು ನಿಂತಿದ್ದ. ಮೂರು ಗಂಟೆಯೂ ನಾನು ಕೇಳುವ ಮೊದಲೇ ಸ್ಕ್ರೂಡ್ರೈವರ್ ಎತ್ತಿ ಕೊಡುತ್ತಿದ್ದ. ಕಾರೀನಾ ಕೆಳಗಿಳಿದು ಬರಲೇ ಇಲ್ಲ.

ಹೊರಡುವ ಮುಂಚೆ ಇರ್ಯಾರ ಕೋಣೆಗೆ ಹೋಗಿ ಹೊಸ ಥರ್ಮೋಸ್ಟಾಟನ್ನು ತೋರಿಸಿಕೊಟ್ಟೆ. "ಇನ್ನೊಂದು ಕೆಲಸ ಇದೆ," ಎಂದೆ ತಗ್ಗಿದ ದನಿಯಲ್ಲಿ. "ಕೊಳವೆ ಒಳಗೆ ಮೆತ್ತನೆ ಪದರ ಹಚ್ಚಿದ್ರೆ ಕೆಳಗಿನ ಮಾತು ಮೇಲೆ ಬರಲ್ಲ. ಅರ್ಧ ದಿನದ ಕೆಲಸ. ದುಡ್ಡು ಬೇಡ."

ಇರ್ಯಾ ಹೆಣಿಗೆಯಿಂದ ತಲೆಯೆತ್ತಿ, ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದಂತೆ ನನ್ನನ್ನು ನೋಡಿದರು.

"ಬೇಡ," ಎಂದರು. "ನಂಗೆ ಕೇಳಿಸುತ್ತೆ ಅಂತ ಈಗ ಅವರಿಗೆ ಗೊತ್ತಲ್ಲ. ಇನ್ಮೇಲೆ ಏನು ಮಾತಾಡ್ತಾರೆ ಅಂತ ಕೇಳ್ಬೇಕು."